ಮನಸ್ಸು ಕುಗ್ಗಿದವರ ಜೊತೆ ಕೂತಾಗ

ಎಮೋಷನಲ್ ಸಪೋರ್ಟ್‌ಗೆ ಭಾಷಣ ಬೇಡ. ಕೇರಳದ ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆ ಗಂಡ ಗಲ್ಫಿನಲ್ಲಿ, ಇಲ್ಲಿ ಅತ್ತೆಗೆ ಸೌಖ್ಯ ಇಲ್ಲ, ಮಕ್ಕಳ ಶಾಲೆ ಬೇರೆ, ಎಲ್ಲ ಒಬ್ಬರೇ ನೋಡಿಕೊಳ್ಳುವ ಅಕ್ಕಂದಿರು ಎಷ್ಟೋ ಇದ್ದಾರೆ ಅಲ್ವಾ. ಅವರು ಮಾತು ಶುರು ಮಾಡಿದರೆ ದಯವಿಟ್ಟು ‘ಎಲ್ಲ ಸರಿಯಾಗುತ್ತದೆ’ ಅಂತ ತಡೆಯಬೇಡಿ. ಸುಮ್ನೆ ಕೇಳಿ. ‘ತುಂಬಾ ಕಷ್ಟ ಆಗ್ತಾ ಉಂಟಲ್ಲ ಅಕ್ಕ’ ಅಂದರೆ ಸಾಕು. ‘ಏನಾದರೂ ಬೇಕಿದ್ದರೆ ಹೇಳಿ’ ಅಂದರೆ ಹೆಚ್ಚಿನವರು ಕೇಳುವುದಿಲ್ಲ, ಅದಕ್ಕಿಂತ ‘ನಾಳೆ ಅತ್ತೆಯ ಹತ್ತಿರ ನಾನು ಇರ್ತೇನೆ, ನೀವು ಸ್ವಲ್ಪ ಮಲಗಿ’ ಅನ್ನಿ.

ನಿದ್ದೆ, ಊಟ ಬಿಟ್ಟು ದಿನಗಟ್ಟಲೆ ಕುಗ್ಗಿದ್ದರೆ, ಬದುಕುವುದೇ ಬೇಡ ಅನ್ನುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ. ಜೊತೆಗೆ ಕೂತು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಮಲಯಾಳ ಬಾರದವರು ಕನ್ನಡವನ್ನೇ ಆರಿಸಿಕೊಳ್ಳಬಹುದು.