ಮಿಂಚು ಒಳಗಿರಲಿ, ಹೆಸರು ಹೊರಗಿರಲಿ

ಕ್ರಿಸ್‌ಮಸ್ ಮರಕ್ಕೆ ಹೆಸರು ಬರೆದ ಗ್ಲಿಟರ್ ಬಾಲ್ ಮನೆಯಲ್ಲೇ ಮಾಡುತ್ತೇವೆ ಎಂದು ಹೊರಟವರು ಸಾಮಾನ್ಯವಾಗಿ ಬಾಲಿನ ಹೊರಮೈಗೆ ಅಂಟು ಸವರಿ ಮೇಲೆ ಗ್ಲಿಟರ್ ಉದುರಿಸುತ್ತಾರೆ. ಆ ದಿನ ನೋಡಲು ಬಲು ಚೆನ್ನ. ಮಾರನೆಯ ದಿನದಿಂದ ಸೋಫಾ, ದಿಂಬು, ಮಗುವಿನ ಕೆನ್ನೆ, ಕೊನೆಗೆ ಸಾರಿನ ಪಾತ್ರೆಯಲ್ಲೂ ಮಿಂಚು. ಅದೂ ಸಾಲದೆ, ತರಿತರಿಯಾದ ಮೈಮೇಲೆ ಹೆಸರು ಬರೆಯಲು ಹೋದರೆ ಮಾರ್ಕರಿನ ಮೂತಿ ಕೆಡುತ್ತದೆ, ಸ್ಟಿಕರ್ ಅಂಟಿಸಿದರೆ ಅಂಚು ಎದ್ದು ನಿಲ್ಲುತ್ತದೆ. ಪಾರದರ್ಶಕ ಬಾಲ್ ತಂದು, ಗ್ಲಿಟರನ್ನು ಅದರ ಹೊಟ್ಟೆಯೊಳಗೆ ಹಿಡಿಸಿ, ನುಣುಪಾದ ಹೊರಮೈಯನ್ನು ಹೆಸರಿಗೆ ಬಿಟ್ಟುಬಿಡಿ. ಎರಡು ತಾಪತ್ರಯವೂ ಒಟ್ಟಿಗೆ ತಪ್ಪುತ್ತವೆ.

ಇದು ಹೊಸ ಉಪಾಯವೇನೂ ಅಲ್ಲ. ಗಾಜಿನ ಕ್ರಿಸ್‌ಮಸ್ ಗುಂಡುಗಳಿಗೆ ಹೆಸರಾದ ಊರು ಜರ್ಮನಿಯ ತುರಿಂಗಿಯಾ ಸೀಮೆಯ ಲೌಶಾ. 19ನೇ ಶತಮಾನದಲ್ಲಿ ಅಲ್ಲಿಯ ಗಾಜು ಊದುವ ಕುಟುಂಬಗಳು ಗುಂಡಿನ ಒಳಗೆ ಬೆಳ್ಳಿಯ ದ್ರಾವಣ ಹೊಯ್ದು, ಕುಲುಕಿ ಒಳಮೈಗೆಲ್ಲ ಹಿಡಿಸಿ, ಬಣ್ಣದ ಚಿತ್ತಾರವನ್ನು ಹೊರಗೆ ಮಾಡುತ್ತಿದ್ದರು. 1880ರ ದಶಕದಲ್ಲಿ ಅಮೆರಿಕದ ವೂಲ್‌ವರ್ತ್ ಅಂಗಡಿಯವರು ಅದನ್ನೇ ತರಿಸಿ ಮಾರತೊಡಗಿದ ಮೇಲೆ ಅದು ಲೋಕಕ್ಕೆಲ್ಲ ಹಬ್ಬಿತು. ಬೆಳ್ಳಿಯ ಜಾಗಕ್ಕೆ ಗ್ಲಿಟರ್ ಬಂದಿದೆ, ಅಷ್ಟೇ ವ್ಯತ್ಯಾಸ.

ಬಾಲ್ ಎರಡು ಬಗೆಯಲ್ಲಿ ಸಿಗುತ್ತದೆ. ಒಂದು ಮೇಲೆ ಚಿಕ್ಕ ಕತ್ತು, ಅದಕ್ಕೊಂದು ತಗಡಿನ ಟೋಪಿ ಇರುವಂಥದು; ಗಾಜಿನಲ್ಲೂ ಇದೆ, ಪ್ಲಾಸ್ಟಿಕ್ಕಿನಲ್ಲೂ ಇದೆ. ಇನ್ನೊಂದು ನಡುವೆ ಎರಡು ಹೋಳಾಗಿ ಬಿಚ್ಚಿಕೊಳ್ಳುವ ಪ್ಲಾಸ್ಟಿಕ್ ಬಾಲ್. ಬೆಂಗಳೂರಿನವರಿಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಮುತ್ತ ನವೆಂಬರ್ ಕೊನೆಯಿಂದಲೇ ನಕ್ಷತ್ರ, ಮರ, ಅಲಂಕಾರದ ಸಾಮಾನು ಬಂದು ಬೀಳುತ್ತದೆ. ಖಾಲಿ ಪಾರದರ್ಶಕ ಬಾಲ್ ಅಲ್ಲಿ ಸಿಗದಿದ್ದರೆ ಕ್ರಾಫ್ಟ್ ಸಾಮಾನಿನ ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ ಸಿಗುತ್ತದೆ. ನನ್ನ ಮಾತು ಕೇಳುವುದಾದರೆ ಮೊದಲ ಸಲ ಮಾಡುವವರು ಹೋಳಿನ ಬಾಲನ್ನೇ ತನ್ನಿ. ಒಳಮೈ ಪೂರ್ತಿ ಕೈಗೆ ಸಿಗುತ್ತದೆ, ಬೇಗ ಒಣಗುತ್ತದೆ. ನಡುವಿನ ಗೆರೆ ಕಾಣುತ್ತದಲ್ಲ ಎಂದು ಕೊರಗಬೇಡಿ, ಅದರ ಮೇಲೊಂದು ತೆಳು ರಿಬ್ಬನ್ ಸುತ್ತಿದರೆ ಮುಗಿಯಿತು. ಗಾಜಿನದಕ್ಕೆ ಇರುವ ಕಾಂತಿ ಪ್ಲಾಸ್ಟಿಕ್ಕಿಗೆ ಬರುವುದಿಲ್ಲ ಎನ್ನುವುದು ನಿಜವೇ. ಆದರೆ ಅಂಬೆಗಾಲಿಡುವ ಮಗು, ಬೆಕ್ಕು, ಗ್ರಾನೈಟ್ ನೆಲ, ಈ ಮೂರರಲ್ಲಿ ಒಂದು ಮನೆಯಲ್ಲಿದ್ದರೂ ಗಾಜು ಬೇಡ.

ಅಳತೆಯಲ್ಲಿ 8 ಸೆಂಟಿಮೀಟರ್ ಅಡ್ಡಳತೆಯದು ಹೆಸರಿಗೆ ತಕ್ಕದ್ದು. ಸುತ್ತಳತೆ ಸುಮಾರು 25 ಸೆಂಟಿಮೀಟರ್ ಬರುತ್ತದೆ. ಎದುರಿಗೆ ನಿಂತವರ ಕಣ್ಣಿಗೆ ಸೊಟ್ಟಗಾಗದೆ ಕಾಣುವ ಜಾಗ ಅದರಲ್ಲಿ ಐದು ಸೆಂಟಿಮೀಟರಿನಷ್ಟು. 6ರ ಬಾಲಿನ ಮೇಲೆ ‘ಜಾನ್’, ‘ಲೀನಾ’ ಹಿಡಿಸಬಹುದು. ‘ಇಮ್ಯಾನುವೆಲ್’ ಅಂದರೆ ಕಷ್ಟ.

ಈಗ ಅಂಟಿನ ವಿಚಾರ. ಎಲ್ಲರ ಮನೆಯಲ್ಲೂ ಇರುವ ಬಿಳಿ ಅಂಟು, ಅಂದರೆ ಫೆವಿಕಾಲ್ ಬಗೆಯದು, ಹೋಳಿನ ಬಾಲಿಗೆ ಸಾಕು. ಎರಡು ಪಾಲು ಅಂಟಿಗೆ ಒಂದು ಪಾಲು ನೀರು ಬೆರೆಸಿ, ಮೆತ್ತನೆಯ ಬ್ರಷ್ಷಿನಿಂದ ಒಳಗೆ ತೆಳ್ಳಗೆ ಬಳಿಯಿರಿ. ಹಸಿಯಿದ್ದಾಗ ಹಾಲಿನಂತೆ ಕಂಡರೂ ಒಣಗಿದ ಮೇಲೆ ತಿಳಿಯಾಗುತ್ತದೆ. ಕತ್ತಿನ ಬಾಲಿಗೆ ಮಾತ್ರ ಇದನ್ನು ಹಾಕಬೇಡಿ. ಆ ಸಣ್ಣ ಬಾಯಿಯಿಂದ ನೀರಿನಂಶ ಹೊರಗೆ ಹೋಗಲು ದಿನಗಟ್ಟಲೆ ಬೇಕು. ಮೇಲೆ ಒಣಗಿದಂತೆ ಕಂಡು ಒಳಗೆ ಹಸಿಯಾಗಿಯೇ ಉಳಿದು, ಹಬ್ಬದ ಹೊತ್ತಿಗೆ ಗ್ಲಿಟರ್ ದೋಸೆ ಎದ್ದಂತೆ ಪದರಪದರವಾಗಿ ಏಳುತ್ತದೆ. ಮಂಗಳೂರು, ಕಾರವಾರದ ತೇವದ ಗಾಳಿಯಲ್ಲಂತೂ ಹೇಳುವುದೇ ಬೇಡ. ಕತ್ತಿನ ಬಾಲಿಗೆ ಬಣ್ಣದಂಗಡಿಯಲ್ಲಿ ಸಿಗುವ ನೀರಿನಲ್ಲಿ ಕರಗುವ ಕ್ಲಿಯರ್ ವಾರ್ನಿಷ್ ಸರಿ. ‘ವಾಟರ್ ಬೇಸ್ಡ್, ಗ್ಲಾಸಿ’ ಎಂದು ಕೇಳಿ ತನ್ನಿ. ಎಣ್ಣೆಯ ವಾರ್ನಿಷ್ ಕೊಟ್ಟರೆ ವಾಪಸ್ಸು ಕೊಡಿ. ಅದು ಕಾಲಕ್ರಮೇಣ ಹಳದಿ ತಿರುಗಿ ಬೆಳ್ಳಿ ಮಿಂಚನ್ನು ಮಾಸಲು ಮಾಡುತ್ತದೆ. ಥಿನ್ನರ್, ನೈಲ್ ಪಾಲಿಶ್ ರಿಮೂವರ್ ಇವನ್ನು ಪ್ಲಾಸ್ಟಿಕ್ ಬಾಲಿನ ಹತ್ತಿರವೂ ತರಬೇಡಿ. ಮೈ ಕರಗಿ ಮಂಜು ಕವಿದಂತಾಗುತ್ತದೆ, ಅದನ್ನು ಸರಿಪಡಿಸಲು ದಾರಿಯಿಲ್ಲ.

ಗ್ಲಿಟರ್ ಎಷ್ಟು ನಯವಾಗಿದ್ದರೆ ಅಷ್ಟು ಒಳ್ಳೆಯದು. ಪುಡಿ ಉಪ್ಪಿಗಿಂತ ಸಣ್ಣಗಿರುವುದು ಒಳಮೈಯನ್ನು ಸಂದಿಲ್ಲದೆ ಮುಚ್ಚುತ್ತದೆ. ದಪ್ಪ ಚೂರಿನದಾದರೆ ಮಧ್ಯೆ ಮಧ್ಯೆ ಕಿಂಡಿ ಬಿಟ್ಟು, ಆಚೆ ಬದಿಯ ಗೋಡೆ ಕಾಣುತ್ತದೆ. ಪ್ಲಾಸ್ಟಿಕ್ ಬೇಡ ಎನ್ನುವವರು ಕಾಗೆಬಂಗಾರದ ಪುಡಿ ಬಳಸಬಹುದು. ಅದು ಗ್ಲಿಟರಿನಂತೆ ಕಣ್ಣಿಗೆ ಹೊಡೆಯುವುದಿಲ್ಲ, ಮುತ್ತಿನ ಹೊಳಪಿನಂತೆ ಮೆತ್ತಗಿರುತ್ತದೆ. ಮದುವೆಯಾಗಿ ಮೊದಲ ಕ್ರಿಸ್‌ಮಸ್ ಮಾಡುವ ಜೋಡಿಗೆ ಕೊಡುವುದಿದ್ದರೆ ನನಗೆ ಇದೇ ಇಷ್ಟ.

ಕೆಲಸಕ್ಕೆ ಕೂರುವ ಮೊದಲು ಫ್ಯಾನ್ ಆರಿಸಿ. ಅಡುಗೆಮನೆ ಬೇಡ, ಊಟದ ಮೇಜೂ ಬೇಡ. ಡಿಸೆಂಬರ್ ಎಂದರೆ ಕಲ್‌ಕಲ್, ರೋಸ್ ಕುಕ್ಕಿ, ನೆವ್ರಿ ಎಲ್ಲ ಅದೇ ಮೇಜಿನ ಮೇಲೆ ಆಗಬೇಕು. ಕ್ರಾಫ್ಟ್ ಗ್ಲಿಟರ್ ತಿನ್ನುವ ವಸ್ತುವಲ್ಲ. ಕರಿದ ತಿಂಡಿಗೆ ಒಂದು ಕಣ ಹತ್ತಿದರೂ ತೆಗೆಯುವುದು ಕಷ್ಟ. ಹಳೆಯದೊಂದು ತಟ್ಟೆ ಇಟ್ಟುಕೊಂಡು, ಅದರಲ್ಲಿ ನಡುವೆ ಮಡಿಕೆ ಮಾಡಿದ ಕಾಗದ ಹಾಸಿ. ಉದುರಿದ್ದನ್ನು ಆ ಮಡಿಕೆಯಿಂದಲೇ ಡಬ್ಬಿಗೆ ಸುರಿದುಕೊಳ್ಳಬಹುದು. ಸೀರೆ ಹಳೆಯದಾದರೂ ಕಾಟನ್ ಸೀರೆಯೇ ಇರಲಿ. ಉಣ್ಣೆಯ ಶಾಲಿಗೆ ಹತ್ತಿದ ಗ್ಲಿಟರ್ ಈಸ್ಟರಿಗೂ ಹೋಗುವುದಿಲ್ಲ.

ಕತ್ತಿನ ಬಾಲಿನ ಟೋಪಿ ತೆಗೆಯುವಾಗ ಅದರೊಳಗಿನ ತಂತಿಯ ಎರಡು ಕಾಲುಗಳನ್ನು ಬೆರಳಲ್ಲಿ ಒತ್ತಿಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಗಾಜಿನದಾದರೆ ಕತ್ತಿನ ಅಂಚು ಬ್ಲೇಡಿನಷ್ಟೇ ಹರಿತ, ಮಕ್ಕಳ ಕೈಗೆ ಕೊಡಬೇಡಿ. ಒಳಗಿನ ಧೂಳು ಹೋಗಲು ಗಾಜಿಗೆ ಒಂದು ಚಮಚ ಐಸೊಪ್ರೊಪೈಲ್ ಸ್ಪಿರಿಟ್ ಹಾಕಿ ತೊಳಸಿ ಚೆಲ್ಲಿ. ಉರಿಯುವ ಒಲೆ, ಮೇಣದ ಬತ್ತಿ ಹತ್ತಿರ ಇರಬಾರದು. ಪ್ಲಾಸ್ಟಿಕ್ಕಿಗೆ ಸೋಪಿನ ನೀರು ಸಾಕು, ಆದರೆ ರಾತ್ರಿಯಿಡೀ ಬೋರಲು ಹಾಕಿ ಒಣಗಿಸಿ.

ಇನ್ನು ಒಂದು ಟೀ ಚಮಚದಷ್ಟು ವಾರ್ನಿಷ್ ಕತ್ತಿನೊಳಗೆ ಬಿಡಿ. ಕುಲುಕಬೇಡಿ, ಕುಲುಕಿದರೆ ನೊರೆ ಎದ್ದು ಗುಳ್ಳೆಯ ಗುರುತು ಹಾಗೆಯೇ ಉಳಿಯುತ್ತದೆ. ಬಾಲನ್ನು ಅಂಗೈಯಲ್ಲಿ ನಿಧಾನವಾಗಿ ತಿರುಗಿಸುತ್ತ ಹೋಗಿ. ಬೆಳಕಿಗೆ ಹಿಡಿದರೆ ವಾರ್ನಿಷ್ ಹರಿದ ಜಾಗ ಒದ್ದೆಯಾಗಿ, ಹರಿಯದ ಜಾಗ ಬೋಳಾಗಿ ಸ್ಪಷ್ಟವಾಗಿ ಕಾಣುತ್ತದೆ. ಕತ್ತಿನ ಸುತ್ತ ಒಂದು ಉಂಗುರದಷ್ಟು ಜಾಗ ಯಾವಾಗಲೂ ಬಿಟ್ಟುಹೋಗುತ್ತದೆ. ಬಾಲನ್ನು ಬೋರಲು ಮಾಡಿ ಆ ಜಾಗಕ್ಕೂ ಹಿಡಿಸಿ. ಎಲ್ಲ ಕಡೆ ತಾಗಿದ ಮೇಲೆ ಒಂದು ಕಾಗದದ ಲೋಟದ ಬಾಯಿಗೆ ಕವುಚಿ ಐದು ನಿಮಿಷ ಬಿಡಿ. ಹೆಚ್ಚಿನ ವಾರ್ನಿಷ್ ಸೋರಿ ಹೋಗಲೇಬೇಕು. ಈ ಐದು ನಿಮಿಷ ಕಾಯದವರ ಬಾಲಿನಲ್ಲಿ ಮಾರನೆಯ ದಿನ ತಳದಲ್ಲಿ ಗ್ಲಿಟರಿನ ಮುದ್ದೆ ಕಟ್ಟಿಕೊಂಡಿರುತ್ತದೆ.

ಆಮೇಲೆ ಕಾಗದವನ್ನು ಆಲಿಕೆಯಂತೆ ಸುತ್ತಿ ಎರಡು ಟೀ ಚಮಚ ಗ್ಲಿಟರ್ ಸುರಿಯಿರಿ. ಕತ್ತಿಗೆ ಬೆರಳು ಅಡ್ಡ ಹಿಡಿದು ತಿರುಗಿಸಿ, ಮೆಲ್ಲಗೆ ತಟ್ಟಿ. ಅಂಟಬೇಕಾದದ್ದು ಅಂಟಿ ಉಳಿದದ್ದು ಸಡಿಲವಾಗಿ ಓಡಾಡುತ್ತದೆ, ಅದನ್ನು ಡಬ್ಬಿಗೇ ಹೊಯ್ದುಕೊಳ್ಳಿ. ಎರಡು ಬಣ್ಣ ಬೇಕಾದರೆ ಬಾಲನ್ನು ಓರೆಯಾಗಿ ಹಿಡಿದು ಒಂದು ಬಣ್ಣವನ್ನು ಒಂದೇ ಬದಿಗೆ ಹಿಡಿಸಿ, ಸಡಿಲವಾದದ್ದನ್ನು ಹೊರಗೆ ಹಾಕಿದ ಮೇಲೆಯೇ ಎರಡನೆಯದು. ಎರಡನ್ನೂ ಒಟ್ಟಿಗೆ ಸುರಿದರೆ ಬೆರೆತು ಬೂದಿಬಣ್ಣವಾಗುತ್ತದೆ. ಬೋಳು ಮಚ್ಚೆ ಕಂಡರೆ ಸಣ್ಣ ಬ್ರಷ್ಷಿನ ತುದಿಯಿಂದ ಆ ಜಾಗಕ್ಕಷ್ಟೇ ವಾರ್ನಿಷ್ ಮುಟ್ಟಿಸಿ ಮತ್ತೆ ಗ್ಲಿಟರ್ ಹಾಕಿ. ಒಂದು ದಿನ ಪೂರ್ತಿ ಟೋಪಿಯಿಲ್ಲದೆ ಒಣಗಲಿ, ಮೋಡದ ದಿನವಾದರೆ ಎರಡು ದಿನ.

ಹೆಸರಿಗೆ ಬರೋಣ. ಕೈಬರಹ ಚೆನ್ನಾಗಿರುವವರು ಪೇಂಟ್ ಮಾರ್ಕರಿನಲ್ಲಿ ನೇರವಾಗಿ ಬರೆಯಬಹುದು. ಬಾಲನ್ನು ಒಂದು ಬಟ್ಟಲಿನ ಮೇಲೆ ಕೂರಿಸಿಕೊಂಡರೆ ಅಲುಗುವುದಿಲ್ಲ. ಉಳಿದವರಿಗೆ ನಾನು ಹೇಳುವುದು ರೇಡಿಯಂ ಅಂಗಡಿ. ಬೈಕು, ಆಟೋಗಳಿಗೆ ನಂಬರು, ಹೆಸರು ಕತ್ತರಿಸಿ ಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಅದೇ ಯಂತ್ರದಲ್ಲಿ, ಅದೇ ಬಗೆಯ ವಿನೈಲ್ ಹಾಳೆಯಲ್ಲಿ ಮನೆಯವರೆಲ್ಲರ ಹೆಸರನ್ನು ಒಂದೇ ಹಾಳೆಗೆ ಹೊಂದಿಸಿ ಕತ್ತರಿಸಿ ಕೊಡುತ್ತಾರೆ. ಕತ್ತರಿಸಿದ ಅಕ್ಷರಗಳನ್ನು ಸಾಲು ಕೆಡದಂತೆ ಎತ್ತಿ ಬಾಲಿಗೆ ಅಂಟಿಸಲು ಮೇಲೆ ಹಚ್ಚುವ ಟ್ರಾನ್ಸ್‌ಫರ್ ಟೇಪನ್ನೂ ಅಲ್ಲೇ ಕೇಳಿ ತನ್ನಿ.

ಕನ್ನಡದಲ್ಲಿ ಹೆಸರು ಬೇಕೆಂದರೆ ಒಂದಿಷ್ಟು ಎಚ್ಚರ ಬೇಕು. ‘ಕ್ರಿಸ್ಟೀನಾ’ ಎಂಬ ಹೆಸರನ್ನೇ ನೋಡಿ: ಮೊದಲ ಅಕ್ಷರದ ಕೆಳಗೊಂದು ಒತ್ತು, ಎರಡನೆಯದರ ಕೆಳಗೊಂದು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ತೆಳು ಫಾಂಟಿನಲ್ಲಿ ಕತ್ತರಿಸಿದರೆ ಒತ್ತುಗಳು ಬಿಡಿಬಿಡಿಯಾಗಿ ಉದುರಿ, ಯಾವುದು ಯಾರ ಕೆಳಗಿನದು ಎಂದು ಹುಡುಕುತ್ತ ಕೂರಬೇಕಾಗುತ್ತದೆ. ದಪ್ಪನೆಯ, ಒತ್ತು ಮೂಲಾಕ್ಷರಕ್ಕೆ ತಾಗಿಕೊಂಡೇ ಇರುವ ಫಾಂಟ್ ಕೇಳಿ. ಅಕ್ಷರದ ಎತ್ತರ ಒತ್ತು ಬಿಟ್ಟು ಒಂದು ಸೆಂಟಿಮೀಟರಿಗೆ ಕಡಿಮೆಯಾಗದಿರಲಿ. ನೀವು ವಾಟ್ಸಾಪಿನಲ್ಲಿ ಕಳಿಸಿದ ಹೆಸರು ಅವರ ಹಳೆಯ ಡಿಸೈನ್ ಸಾಫ್ಟ್‌ವೇರಿಗೆ ಹೋದಾಗ ಒತ್ತು ಕಳಚಿ ಪಕ್ಕಕ್ಕೆ ಹೋಗಿ ಕೂತಿರುವುದುಂಟು. ಅವರು ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಮತ್ತೆ ಟೈಪ್ ಮಾಡಿಕೊಳ್ಳಬೇಕಾಗುತ್ತದೆ. ಕತ್ತರಿಸುವ ಮೊದಲು ಸ್ಕ್ರೀನಿನಲ್ಲಿ ಒಂದೊಂದೇ ಅಕ್ಷರ ಓದಿ ನೋಡಿ. ಅಂಗಡಿಯವರು ಗೊಣಗಿದರೆ ಗೊಣಗಲಿ.

ಅಂಟಿಸುವಾಗ ಗೊತ್ತಿಟ್ಟುಕೊಳ್ಳಬೇಕಾದದ್ದು, ಚಪ್ಪಟೆ ಹಾಳೆ ಗುಂಡಿನ ಮೇಲೆ ಸುಮ್ಮನೆ ಕೂರುವುದಿಲ್ಲ. ಟ್ರಾನ್ಸ್‌ಫರ್ ಟೇಪನ್ನು ಹೆಸರಿನ ಅಳತೆಗೆ ತೀರಾ ಹತ್ತಿರ ಕತ್ತರಿಸಿ, ಮೇಲೆ ಕೆಳಗೆ ಅಕ್ಷರಗಳ ನಡುವೆ ಬರುವಂತೆ ಕತ್ತರಿಯಿಂದ ಸಣ್ಣ ಸಣ್ಣ ಸೀಳು ಕೊಡಿ. ಬಾಲನ್ನು ಸ್ಪಿರಿಟ್ಟಿನಲ್ಲಿ ಒರೆಸಿ (ಪ್ಲಾಸ್ಟಿಕ್ಕಾದರೆ ಒದ್ದೆ ಬಟ್ಟೆ), ಹೆಸರಿನ ನಡುವಿನ ಅಕ್ಷರವನ್ನು ಮೊದಲು ಒತ್ತಿ, ಅಲ್ಲಿಂದ ಎಡಕ್ಕೆ ಬಲಕ್ಕೆ ಹೆಬ್ಬೆರಳಿನಿಂದ ಸವರುತ್ತ ಹೋಗಿ. ಒಂದು ತುದಿಯಿಂದ ಶುರು ಮಾಡಿದರೆ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಸಾಲು ಜಾರಿರುತ್ತದೆ. ಟೇಪು ತೆಗೆಯುವಾಗ ಮೇಲಕ್ಕೆ ಎಳೆಯದೆ ಹಿಂದಕ್ಕೆ ಮಡಿಸಿಕೊಂಡೇ ಸುಲಿಯಿರಿ. ಬಣ್ಣದ ಮಟ್ಟಿಗೆ ಹೇಳುವುದಾದರೆ ಬೆಳ್ಳಿ ಮಿಂಚಿನ ಮೇಲೆ ಕಡುಗೆಂಪು ಇಲ್ಲವೇ ಕಪ್ಪು, ಹಸಿರು ನೀಲಿಗಳ ಮೇಲೆ ಬಿಳಿ. ಚಿನ್ನದ ಮೇಲೆ ಚಿನ್ನದ ಅಕ್ಷರ ಎಷ್ಟೇ ಶ್ರೀಮಂತವಾಗಿ ಕಂಡರೂ ಮರದ ದೀಪದ ಬೆಳಕಿನಲ್ಲಿ ಓದಲು ಬಾರದು. ಪುಟ್ಟ ಮಗುವಿನ ಮೊದಲ ಕ್ರಿಸ್‌ಮಸ್ ಆದರೆ ಇಸವಿಯನ್ನು ತಳದ ಹತ್ತಿರ ಸಣ್ಣದಾಗಿ ಬರೆದಿಡಿ.

ಟೋಪಿ ಹಾಕುವ ಮೊದಲು ಅದರ ಒಳ ಅಂಚಿಗೆ ಒಂದು ಹನಿ ಅಂಟು ಮುಟ್ಟಿಸಿದರೆ ಬಾಲ್ ಜಾರಿ ಬೀಳುವುದಿಲ್ಲ. ತೂಗುಹಾಕಲು ದಾರ ಕೊಳ್ಳಬೇಕಿಲ್ಲ. ರವಿಕೆ ಹೊಲಿಯುವವರ ಹತ್ತಿರ ಉಳಿದ ಜರಿ ಅಂಚಿನ ತುಂಡು ಬೇಕಾದಷ್ಟು ಬಿದ್ದಿರುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇಂದಿಗೂ ಗಾಳಿಮರದ, ಅಂದರೆ ಸರ್ವೆಯ ಕೊಂಬೆ ತಂದು ಮರ ಮಾಡುತ್ತಾರೆ. ಅದರ ಎಳೆಗಳು ನೂಲಿನಷ್ಟು ಸಣ್ಣ. ಗಾಜಿನ ಬಾಲ್ ತುದಿಗೆ ಕಟ್ಟಿದರೆ ಕೊಂಬೆ ಬಗ್ಗಿ ನೆಲ ನೋಡುತ್ತದೆ. ಭಾರದ್ದನ್ನು ಕಾಂಡದ ಹತ್ತಿರ ಕಟ್ಟಿ, ತುದಿಗೆ ಪ್ಲಾಸ್ಟಿಕ್ಕಿನ ಹಗುರವಾದದ್ದು ಇರಲಿ. ದುಬೈಗೋ ಕೆನಡಾಕ್ಕೋ ಮೊಮ್ಮಕ್ಕಳಿಗೆ ಪಾರ್ಸೆಲ್ ಕಳಿಸುವವರೂ ಪ್ಲಾಸ್ಟಿಕ್ಕಿನದನ್ನೇ ಕಳಿಸಿ.

ಚೆಲ್ಲಿದ ಗ್ಲಿಟರನ್ನು ಪೊರಕೆಯಿಂದ ಗುಡಿಸಿದರೆ ಮನೆಯೆಲ್ಲ ಹರಡುತ್ತದೆ. ಚಪಾತಿ ಹಿಟ್ಟಿನ ಸಣ್ಣ ಉಂಡೆಯೊಂದನ್ನು ತಟ್ಟೆಯ ಮೇಲೆ, ಮೇಜಿನ ಮೇಲೆ ಒತ್ತುತ್ತ ಹೋಗಿ, ಕಣಕಣವೂ ಅದಕ್ಕೆ ಹತ್ತುತ್ತದೆ. ಆ ಉಂಡೆ ಕಸಕ್ಕೆ ಹೋಗಲಿ, ಹಸುವಿಗೆ ಹಾಕಬೇಡಿ. ಬ್ರಷ್ಷು, ತಟ್ಟೆಗಳನ್ನು ಸಿಂಕಿನಲ್ಲಿ ತೊಳೆಯುವ ಮೊದಲು ಕಾಗದದಿಂದ ಒರೆಸಿ. ಗ್ಲಿಟರ್ ಎಂದರೆ ಲೋಹದ ಲೇಪದ ಪ್ಲಾಸ್ಟಿಕ್ ಚೂರು, ಮೋರಿಗೆ ಹೋದದ್ದು ಕರಗದೆ ಕೆರೆ ಹೊಳೆ ಸೇರುತ್ತದೆ. ಐರೋಪ್ಯ ಒಕ್ಕೂಟದವರು 2023ರ ಅಕ್ಟೋಬರಿನಿಂದ ಪುಡಿಯಾಗಿ ಮಾರುವ ಪ್ಲಾಸ್ಟಿಕ್ ಗ್ಲಿಟರಿಗೆ ನಿಷೇಧ ಹಾಕಿದ್ದು ಇದೇ ಕಾರಣಕ್ಕೆ. ಆದ್ದರಿಂದ ಉಳಿದ ಪುಡಿಯನ್ನು ಎಸೆಯದೆ ಮುಚ್ಚಳ ಬಿಗಿದು ಮುಂದಿನ ವರ್ಷಕ್ಕಿಡಿ.

ಜನವರಿ 6ರ ಮೂರು ರಾಯರ ಹಬ್ಬ ಮುಗಿದು ಮರ ಇಳಿಸುವಾಗ ಬಾಲುಗಳನ್ನು ಸೇಬಿನ ಪೆಟ್ಟಿಗೆಯಲ್ಲಿ ಬರುವ ಗುಳಿಗುಳಿಯ ರಟ್ಟಿನ ಟ್ರೇಯಲ್ಲಿ ಹೆಸರು ಮೇಲೆ ಬರುವಂತೆ ಜೋಡಿಸಿ. ತಾರಸಿಯ ಕೆಳಗಿನ ಕಾದ ಅಟ್ಟ ಬೇಡ, ಬೇಸಿಗೆಯಲ್ಲಿ ಸ್ಟಿಕರಿನ ಅಂಟು ಮೆತ್ತಗಾಗಿ ಅಕ್ಷರ ಜಾರುತ್ತದೆ. ಬೀರುವಿನ ತಳವೇ ಮೇಲು. ಹೆಸರು ಬದಲಿಸಬೇಕಾಗಿ ಬಂದರೆ ಹೇರ್ ಡ್ರೈಯರಿನ ಬಿಸಿಗಾಳಿ ಒಂದರ್ಧ ನಿಮಿಷ ಹಿಡಿದು ಉಗುರಿನಿಂದ ಎಬ್ಬಿಸಿ. ಉಳಿದ ಅಂಟಿನ ಕಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ, ಸೋಪಿನ ಬಟ್ಟೆಯಿಂದ ಜಿಡ್ಡು ಪೂರ್ತಿ ತೆಗೆದ ಮೇಲೆಯೇ ಹೊಸ ಹೆಸರು ಅಂಟಿಸಿ.