ಹಳೇ ಸಿಸ್ಟಂಗೆ ಹೊಸ ಪ್ರೊಸೆಸರ್ ಹಾಕಿಸೋದಾ, ಹೊಸದನ್ನೇ ಕಟ್ಟಿಸೋದಾ?

ನಮ್ಮ ಮೈಸೂರು, ಮಂಡ್ಯದ ಕಡೆ ಇಡೀ ಡಬ್ಬಕ್ಕೇ ‘ಸಿಪಿಯು’ ಅನ್ನುವುದು ರೂಢಿ. ಹಾಗಾಗಿ ಅಂಗಡಿಯಲ್ಲಿ ‘ಸಿಪಿಯು ಚೇಂಜ್ ಮಾಡ್ಬೇಕು ಸಾರ್’ ಅಂದರೆ, ಒಳಗಿನ ಚಿಪ್ಪು ಮಾತ್ರವೋ ಡಬ್ಬದ ಸಮೇತವೋ ಅಂತ ಬಿಡಿಸಿ ಕೇಳಿಕೊಳ್ಳಿ. ಇಲ್ಲಿ ಹೇಳುತ್ತಿರುವುದು ಚಿಪ್ಪಿನ, ಅಂದರೆ ಪ್ರೊಸೆಸರಿನ ವಿಷಯ. ಅದನ್ನು ಬದಲಿಸಿದರೆ ಗಿಟ್ಟುತ್ತದೋ ಇಲ್ಲವೋ ಅನ್ನುವುದು ಅದು ಕೂತಿರುವ ಮದರ್‌ಬೋರ್ಡಿನ ಮೇಲೆ ನಿಂತಿದೆ. ಅದಕ್ಕೂ ಮೊದಲು, ರೋಗ ಪ್ರೊಸೆಸರಿನದೇ ಹೌದೋ ನೋಡಬೇಕು.

ರೋಗ ಎಲ್ಲಿದೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಭಾಗ ಕಾಣುವಂತೆ ಇಟ್ಟುಕೊಂಡು ದಿನದ ಕೆಲಸವನ್ನೇ ಮಾಡಿ: ಟ್ಯಾಲಿಯಲ್ಲಿ ಬಿಲ್ಲು, ಕ್ರೋಮಿನಲ್ಲಿ ಹತ್ತು ಟ್ಯಾಬು, ನುಡಿಯಲ್ಲಿ ಟೈಪಿಂಗು. ಹ್ಯಾಂಗ್ ಆದ ಗಳಿಗೆಯಲ್ಲಿ ಯಾವ ಗೆರೆ ನೆತ್ತಿಗೇರಿದೆ ಗಮನಿಸಿ. ಮೊದಲು ಮೆಮೊರಿ ನೋಡಿ. ಅದು ಶೇಕಡಾ 90 ದಾಟಿದ್ದರೆ, ನಡೆಯುತ್ತಿರುವ ಕೆಲಸವನ್ನು ಹಿಡಿದಿಡುವ ರ್‍ಯಾಮ್ ಸಾಲುತ್ತಿಲ್ಲ. ಆಗ ವಿಂಡೋಸ್ ಮಿಕ್ಕದ್ದನ್ನು ಡಿಸ್ಕಿಗೆ ಬರೆಯತೊಡಗುವುದರಿಂದ ಡಿಸ್ಕೂ 100ಕ್ಕೆ ಹೋಗಿ ದಾರಿ ತಪ್ಪಿಸುತ್ತದೆ. ಮೆಮೊರಿ ಆರಾಮಾಗಿದ್ದು ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡು, ಪ್ರೊಸೆಸರ್ 20–30ರಲ್ಲೇ ಓಡಾಡುತ್ತಿದ್ದರೆ ತಪ್ಪು ಹಾರ್ಡ್ ಡಿಸ್ಕಿನದು. ಅದರ ಬದಲು, ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್ ಆದ 500 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ ಹಾಕಿದರೆ ಎಂತಹ ಹೊಸ ಪ್ರೊಸೆಸರೂ ಕೊಡದಷ್ಟು ಚುರುಕು ಬರುತ್ತದೆ. ಆ ಎಸ್‌ಎಸ್‌ಡಿ ಮುಂದೆ ಹೊಸ ಸಿಸ್ಟಂಗೂ ಆಗುತ್ತದೆ, ಹಾಕಿದ ದುಡ್ಡು ನೀರಿಗೆ ಹೋಗುವುದಿಲ್ಲ.

ಪ್ರೊಸೆಸರ್ ಗೆರೆಯೇ 100ರಲ್ಲಿದೆ ಅಂದುಕೊಳ್ಳಿ. ಅಲ್ಲೇ ಕೆಳಗೆ ‘ಸ್ಪೀಡ್’ ಅಂತ ಬರುತ್ತದೆ, ಅದರ ಪಕ್ಕದಲ್ಲಿ ‘ಬೇಸ್ ಸ್ಪೀಡ್’. ಭಾರ ಬಿದ್ದಾಗ ಸ್ಪೀಡ್ ಬೇಸ್‌ಗಿಂತ ಕೆಳಕ್ಕೆ ಕುಸಿಯುತ್ತಿದ್ದರೆ ಚಿಪ್ಪು ಬಿಸಿಯಾಗಿ ತಾನೇ ನಡಿಗೆ ನಿಧಾನಿಸುತ್ತಿರಬಹುದು. ಫ್ಯಾನ್ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳಲ್ಲಿ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿರುತ್ತದೆ, ಚಿಪ್ಪಿನ ಬಿಸಿಯನ್ನು ಆ ರೆಕ್ಕೆಗಳಿಗೆ ದಾಟಿಸುವ ಥರ್ಮಲ್ ಪೇಸ್ಟ್ ಸುಣ್ಣದಂತೆ ಒಣಗಿರುತ್ತದೆ. ಧೂಳು ತೆಗೆದು ಪೇಸ್ಟ್ ಬದಲಿಸಿ ಮತ್ತೆ ನೋಡಿ. ಇಷ್ಟಾದ ಮೇಲೂ ಗೆರೆ 100ರಲ್ಲೇ ಇದ್ದರೆ ಮಾತ್ರ ಮುಂದಿನ ಮಾತು.

ಬೋರ್ಡಿನ ಲೆಕ್ಕ

ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಬೋರ್ಡಿನ ಮಾಡೆಲ್ಲೂ, ಪ್ರೊಸೆಸರ್ ಕೂರುವ ಜಾಗದ ಅಂದರೆ ಸಾಕೆಟ್ಟಿನ ಹೆಸರೂ ಸಿಗುತ್ತವೆ.

ಎಲ್‌ಜಿಎ 1155 ಅಥವಾ 1150 ಎಂಬ ಇಂಟೆಲ್ ಸಾಕೆಟ್ಟುಗಳು, ಅಂದರೆ ಎಚ್61, ಎಚ್81, ಬಿ85 ಬೋರ್ಡುಗಳಾದರೆ ಪ್ರೊಸೆಸರಿಗೆ ದುಡ್ಡು ಹಾಕಬೇಡಿ. ಅಲ್ಲಿ ಹೆಚ್ಚೆಂದರೆ ಐ7-3770 ಅಥವಾ ಐ7-4790 ತರದ್ದು ಕೂರುತ್ತದೆ: 4 ಕೋರ್ (ಕೆಲಸ ಮಾಡುವ ಘಟಕ), 8 ಥ್ರೆಡ್ (ಒಟ್ಟಿಗೆ ಓಡುವ ಕೆಲಸದ ಸಾಲು), ಅದೂ ಸೆಕೆಂಡ್ ಹ್ಯಾಂಡ್. ಅಷ್ಟೇ ಕೋರ್, ಅಷ್ಟೇ ಥ್ರೆಡ್ ಇರುವ ಐ3-12100 ಅದನ್ನು ಎಲ್ಲೋ ಹಿಂದೆ ಬಿಟ್ಟು ಹೋಗುತ್ತದೆ. ಮೇಲಾಗಿ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ; ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಕನಿಷ್ಠ 8ನೇ ಪೀಳಿಗೆ, ಎಎಂಡಿ ಕಂಪನಿಯ ರೈಝೆನ್‌ನಲ್ಲಿ 2000 ಸರಣಿ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಬರೀ ಬ್ರೌಸಿಂಗು, ಕನ್ನಡ ಟೈಪಿಂಗು ಸಾಕು ಅನ್ನುವವರು ಎಸ್‌ಎಸ್‌ಡಿ ಹಾಕಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಗೆ ಹೋಗಬಹುದು. ಅದರಲ್ಲಿ ಕೆಜಿಪಿ ಕೀಲಿವಿನ್ಯಾಸ ಸಿಗುವುದರಿಂದ ನುಡಿಗೆ ಒಗ್ಗಿದ ಬೆರಳು ತಡವರಿಸುವುದಿಲ್ಲ. ಟ್ಯಾಲಿ ಬೇಕೇಬೇಕು ಅನ್ನುವವರಿಗೆ ಈ ದಾರಿ ಬೇಡ.

ಎಲ್‌ಜಿಎ 1151ರಲ್ಲಿ ಮೋಸ ಹೋಗುವವರೇ ಜಾಸ್ತಿ. 6–7ನೇ ಪೀಳಿಗೆಗೂ 8–9ನೇ ಪೀಳಿಗೆಗೂ ಸಾಕೆಟ್ ಹೆಸರು ಒಂದೇ, ಪಿನ್ನುಗಳ ಸಂಖ್ಯೆಯೂ ಒಂದೇ. ಎಚ್110 ಬೋರ್ಡಿನಲ್ಲಿ ಐ5-8400 ಚೆನ್ನಾಗಿ ಕೂರುತ್ತದೆ, ಡಿಸ್‌ಪ್ಲೇ ಮಾತ್ರ ಬರುವುದಿಲ್ಲ. ಎಚ್310, ಬಿ360 ಇದ್ದರೆ ಐ7-9700ವರೆಗೆ ಹೋಗಬಹುದು. ಆದರೆ ಒಂದು ಸಾಕೆಟ್ಟಿನ ಕೊನೆಯ ದೊಡ್ಡ ಚಿಪ್ಪಿಗೆ ಹಳೇ ಬೋರ್ಡಿನವರೆಲ್ಲ ಮುಗಿಬೀಳುವುದರಿಂದ ಅದರ ಸೆಕೆಂಡ್ ಹ್ಯಾಂಡ್ ದರ ಬೇಗ ಇಳಿಯುವುದಿಲ್ಲ. ಆ ದರದ ಪಕ್ಕದಲ್ಲಿ ಡಿಡಿಆರ್4 ಬಗೆಯ ಮೆಮೊರಿ ಹಿಡಿಯುವ ಒಂದು ಎಚ್610 ಬೋರ್ಡು ಮತ್ತು ಐ5-12400ರ ದರ ಬರೆದು ನೋಡಿ. ಹಳೇ ರ್‍ಯಾಮು, ಎಸ್‌ಎಸ್‌ಡಿ, ಕ್ಯಾಬಿನೆಟ್ಟು ಹಾಗೇ ಉಳಿಯುತ್ತವೆ. ಚಿಪ್ಪೊಂದರ ಬೆಲೆ ಈ ಜೋಡಿಯ ಅರ್ಧ ದಾಟಿದರೆ ಜೋಡಿಯೇ ಮೇಲು. ಬೋರ್ಡ್ ಬದಲಾದರೆ ವಿಂಡೋಸ್ ಮತ್ತೆ ಆಕ್ಟಿವೇಷನ್ ಕೇಳುತ್ತದೆ. ಸಿಸ್ಟಂ ಜೊತೆಗೇ ಬಂದ ಒಇಎಂ ಲೈಸೆನ್ಸ್ ಹಳೇ ಬೋರ್ಡಿನ ಜೊತೆಗೇ ಹೋಗುವುದರಿಂದ ಆ ಖರ್ಚನ್ನೂ ಸೇರಿಸಿ.

ಪ್ರೊಸೆಸರ್ ಮಾತ್ರ ಬದಲಿಸಿ ನಿಜವಾಗಿ ಗೆಲ್ಲುವವರು ಎಎಂಡಿಯ ಎಎಂ4 ಸಾಕೆಟ್ಟಿನ ಬೋರ್ಡಿನವರು. 2017ರಲ್ಲಿ ಮೊದಲ ರೈಝೆನ್ ಕೂರಿಸಿಕೊಂಡ ಸಾಕೆಟ್ಟೇ 5000 ಸರಣಿಯನ್ನೂ ಹಿಡಿಯುತ್ತದೆ. ಬಿ450 ಬೋರ್ಡಿನ ಮೇಲೆ ರೈಝೆನ್ 5 2600 ಇಟ್ಟುಕೊಂಡು ಮದುವೆ ಆಲ್ಬಂ ಮಾಡುವ ಸ್ಟುಡಿಯೋಗೆ ರೈಝೆನ್ 5 5600 ಹಾಕಿದರೆ ಬೇರೆ ಯಾವ ಭಾಗವನ್ನೂ ಬದಲಿಸಬೇಕಾಗಿಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದವರು 5600ಜಿ ತೆಗೆದುಕೊಳ್ಳಬೇಕು; ಬರೀ 5600ರಲ್ಲಿ ಡಿಸ್‌ಪ್ಲೇ ಕೊಡುವ ಭಾಗವೇ ಇಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೂ ಇದೇ ಕಥೆ. ಎಎಂ4ರ ನಂತರದ ಎಎಂ5 ಸಾಕೆಟ್ಟಿಗೆ ಹಾರಿದರೆ ಡಿಡಿಆರ್5 ಮೆಮೊರಿ ಹೊಸದಾಗಿ ಕೊಳ್ಳಲೇಬೇಕು, 2025ರ ಕೊನೆಯಿಂದ ರ್‍ಯಾಮ್ ದರ ಏರಿರುವ ಏರಿಕೆಯಲ್ಲಿ ಅದು ಸಣ್ಣ ಮಾತಲ್ಲ.

ಯಾವ ದಾರಿ ಹಿಡಿದರೂ ಡಬ್ಬ ತೆರೆದು, ಒಳಗೆ ಕರೆಂಟ್ ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಮೇಲಿನ ಲೇಬಲ್ ನೋಡಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದಾದರೆ, ಮೇಲೆ 450 ವ್ಯಾಟ್ ಅಂತ ಬರೆದಿದ್ದರೂ ನಂಬಬೇಡಿ. ಲೇಬಲ್ಲಿನಲ್ಲಿ 12 ವೋಲ್ಟಿನ ಸಾಲಿನಲ್ಲಿರುವ ಆಂಪಿಯರನ್ನು 12ರಿಂದ ಗುಣಿಸಿ. ನಿಜವಾದ ಶಕ್ತಿ ಅದು.

ಎಎಂ4ನಲ್ಲಿ ಕೂರಿಸುವ ಕ್ರಮ

ಬೋರ್ಡ್ ಕಂಪನಿಯ ಸೈಟಿನಲ್ಲಿ ನಿಮ್ಮ ಮಾಡೆಲ್ಲಿನ ಪ್ರೊಸೆಸರ್ ಪಟ್ಟಿ ಇರುತ್ತದೆ. ಹೊಸ ಚಿಪ್ಪಿನ ಎದುರು ಯಾವ ಬಯಾಸ್ (ಬೋರ್ಡನ್ನು ಎಬ್ಬಿಸುವ ಒಳ ತಂತ್ರಾಂಶ) ಆವೃತ್ತಿ ಬೇಕೆಂದು ಬರೆದಿರುತ್ತಾರೆ. ಹಳೇ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ. ಚಿಪ್ಪು ಬದಲಿಸಿ ಆಮೇಲೆ ಮಾಡೋಣ ಅಂದರೆ ಪರದೆಯೇ ಬಾರದು. ಫೈಲನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿ ಬಯಾಸ್ ಒಳಗಿನಿಂದಲೇ ಓಡಿಸಿ. ಮಾಡೆಲ್ ಜೊತೆ ರಿವಿಷನ್ ನಂಬರೂ ಹೊಂದಬೇಕು. ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತಂತೆ. ಮನೆಯ ಇನ್ವರ್ಟರ್ ಇದೆಯಲ್ಲ ಅಂದುಕೊಳ್ಳಬೇಡಿ, ಅದು ಬದಲಾಯಿಸಿಕೊಳ್ಳುವ ಆ ಕಣ್ಣೆವೆಯಲ್ಲೇ ಸಿಸ್ಟಂ ರೀಸ್ಟಾರ್ಟ್ ಆಗಬಹುದು. ಅದರ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ, ಇಲ್ಲವೇ ಕಂಪ್ಯೂಟರ್ ಯುಪಿಎಸ್ ತಂದಿಡಿ.

ಮುಂದಿನದು ಡಿಸ್ಕಿನ ಡೇಟಾಕ್ಕೆ ಬೀಗ ಹಾಕುವ ಬಿಟ್‌ಲಾಕರ್. ಆನ್ ಇದ್ದರೆ ರಿಕವರಿ ಕೀ ಕಾಗದದ ಮೇಲೆ ಬರೆದುಕೊಂಡು ಸಸ್ಪೆಂಡ್ ಮಾಡಿ. ಇದನ್ನು ಮರೆತು, ಹೊಸ ಚಿಪ್ಪು ಹಾಕಿದ ಮೇಲೆ ಬರುವ ‘ಎಫ್‌ಟಿಪಿಎಂ ರೀಸೆಟ್ ಮಾಡಲೇ’ (ಅದು ಪ್ರೊಸೆಸರಿನೊಳಗಿನ ಟಿಪಿಎಂ) ಎಂಬ ಪ್ರಶ್ನೆಗೆ ವೈ ಒತ್ತಿದರೆ, ಕೀ ಇಲ್ಲದೆ ಡೇಟಾ ಸಿಗದು.

ಕೂಲರ್ (ಫ್ಯಾನ್, ರೆಕ್ಕೆಗಳ ಜೋಡಣೆ) ತೆಗೆಯುವ ಮುಂಚೆ ಸಿಸ್ಟಂ ಹತ್ತು ನಿಮಿಷ ದುಡಿಯಲಿ, ಪೇಸ್ಟ್ ಮೆತ್ತಗಾಗುತ್ತದೆ. ಆಮೇಲೆ ಆಫ್ ಮಾಡಿ, ವೈರ್ ಕಿತ್ತು, ಡಬ್ಬವನ್ನು ಅಡ್ಡ ಮಲಗಿಸಿ. ನೆಟ್ಟಗೆ ನಿಲ್ಲಿಸಿಕೊಂಡು ನಾಲ್ಕೂ ಸ್ಕ್ರೂ ಬಿಚ್ಚಿದರೆ ಹಿಂದಿನ ಲೋಹದ ಪಟ್ಟಿ ಕಳಚಿ ಬೀಳುತ್ತದೆ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಕೂಲರನ್ನು ಮೇಲಕ್ಕೆ ಎಳೆಯಬೇಡಿ. ಬಾಟಲಿ ಮುಚ್ಚಳ ತಿರುಗಿಸಿದಂತೆ ಎಡಕ್ಕೆ ಬಲಕ್ಕೆ ಆಡಿಸುತ್ತಾ ಬಿಡಿಸಿ. ಎಎಂ4ನಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ಹೊಟ್ಟೆಯಲ್ಲಿ. ಎಳೆದರೆ ಲಿವರ್ ಹಾಕಿದ್ದಾಗಲೇ ಚಿಪ್ಪು ಕೂಲರಿಗೆ ಅಂಟಿಕೊಂಡು ಕಿತ್ತು ಬಂದು ಪಿನ್ ಬಗ್ಗುತ್ತವೆ.

ಲಿವರ್ ಎತ್ತಿ, ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿದರೆ ಚಿಪ್ಪು ತನ್ನ ಭಾರಕ್ಕೇ ಇಳಿದು ಕೂರುತ್ತದೆ. ಒತ್ತಬೇಕು ಅನ್ನಿಸಿತೋ, ಎತ್ತಿ ಪಿನ್ ನೋಡಿ. ಹೊಸ ಕೂಲರಿನಲ್ಲಿ ಪೇಸ್ಟ್ ಬಳಿದೇ ಬಂದಿದ್ದರೆ ಬೇರೆ ಹಾಕಬೇಡಿ. ಹಳೆಯದಾದರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಪೇಸ್ಟ್ ನಡುವಿಗೆ. ಫ್ಯಾನ್ ವೈರ್ ಸಿಕ್ಕಿಸಲು ಮರೆಯುವವರೂ ಇದ್ದಾರೆ. ಮೊದಲ ಸಲ ಆನ್ ಮಾಡಿದಾಗ ಪರದೆ ಒಂದೆರಡು ನಿಮಿಷ ಕಪ್ಪಾಗೇ ಇರಬಹುದು, ಗಾಬರಿಯಲ್ಲಿ ಸ್ವಿಚ್ ಆರಿಸಬೇಡಿ.

ಸಾಮಾನು ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತರುವವರು ಬೋರ್ಡು, ಪ್ರೊಸೆಸರು ಎರಡನ್ನೂ ಒಂದೇ ಅಂಗಡಿಯಲ್ಲಿ, ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ಲಿನ ಸಮೇತ ತೆಗೆದುಕೊಳ್ಳಿ. ಸತ್ತ ಸಾಮಾನು ಬಂದರೆ ಇಬ್ಬರು ಅಂಗಡಿಯವರು ಒಬ್ಬರ ಮೇಲೊಬ್ಬರು ಹಾಕುತ್ತಾರೆ, ರೈಲಿನಲ್ಲಿ ಮತ್ತೆ ಹೋಗಿಬರಲು ನಿಮ್ಮ ದಿನ ಹಾಳು. ಬಿಚ್ಚಿದ ಹಳೇ ರೈಝೆನ್ನನ್ನು ಹೊಸದು ಬಂದ ಪ್ಲಾಸ್ಟಿಕ್ ಗೂಡಿನಲ್ಲೇ ಪಿನ್ ಕೆಳಗೆ ಮಾಡಿ ಮುಚ್ಚಿಡಿ. ಪಿನ್ ನೆಟ್ಟಗಿದ್ದರೆ ಅದಕ್ಕೂ ಗಿರಾಕಿ ಸಿಗುತ್ತಾರೆ.