ಆ ವರ್ಷ ಪಕ್ಕದ ಮನೆಯವರು ನಮಗೆ ಹೋಳಿಗೆ ತಂದುಕೊಟ್ಟರು

2015ರ ಡಿಸೆಂಬರ್ 25. ಮಧ್ಯಾಹ್ನ ಪಕ್ಕದ ಮನೆಯ ವೈನಿ ಸ್ಟೀಲ್ ಡಬ್ಬಿಯಲ್ಲಿ ಹೋಳಿಗೆ ಹಿಡಿದುಕೊಂಡು ಬಂದು, ದನಿ ತಗ್ಗಿಸಿ ಕೇಳಿದರು: "ಯಾರು ಹೋದ್ರು? ನಮಗ ಒಂದ್ ಮಾತೂ ಹೇಳಲಿಲ್ಲಲ್ರೀ."

ನಮ್ಮಲ್ಲಿ ಯಾರೂ ಹೋಗಿರಲಿಲ್ಲ. ಬಾಗಿಲಲ್ಲಿ ನಕ್ಷತ್ರ ಇರಲಿಲ್ಲ, ಎಣ್ಣೆ ಕಾದ ವಾಸನೆ ಇರಲಿಲ್ಲ, ನಾನು ಹಳೇ ಲುಂಗಿ ಉಟ್ಟು ಸ್ಕೂಟರ್ ತೊಳೆಯುತ್ತ ಕೂತಿದ್ದೆ, ಅಷ್ಟೇ. ಆದರೆ ಹಬ್ಬದ ದಿನ ಹಬ್ಬ ಮಾಡದ ಮನೆಗೆ ನಮ್ಮ ಹುಬ್ಬಳ್ಳಿ ಕಡೆ ಇರುವುದು ಒಂದೇ ಅರ್ಥ. ಸಾವಾದ ಮನೆಯಲ್ಲಿ ಆ ವರ್ಷ ಸಿಹಿ ಮಾಡುವುದಿಲ್ಲ, ಅಕ್ಕಪಕ್ಕದವರೇ ತಂದುಕೊಡುತ್ತಾರೆ. ವೈನಿ ಅದನ್ನೇ ಮಾಡಿದ್ದರು. ಕ್ರಿಸ್ಮಸ್ ಬೈಬಲ್‌ನಲ್ಲಿಲ್ಲ, ಆದ್ದರಿಂದ ಆಚರಿಸುವುದು ಬೇಡ ಎಂದು ನಾವು ಗಂಡ ಹೆಂಡತಿ ತೀರ್ಮಾನಿಸಿದ್ದೇವೆ ಎಂಬುದನ್ನು ಬಾಗಿಲಲ್ಲಿ ನಿಂತು ಅವರಿಗೆ ಹೇಗೆ ಹೇಳುವುದು? ಹೋಳಿಗೆ ಇಸಿದುಕೊಂಡೆ. ಚೆನ್ನಾಗಿತ್ತು.

ಇದು ಶುರುವಾದದ್ದು ಒಂದು ವರ್ಷ ಮೊದಲು. ನಾನು ಗದಗ ಪಕ್ಕದ ಬೆಟಗೇರಿಯವನು, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನವನು. ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಷನರಿ ಸಂಘ ಕಟ್ಟಿದ ಹಳೇ ಬಾಸೆಲ್ ಮಿಷನ್ ಸಭೆ. 1834ರಲ್ಲಿ ಮಂಗಳೂರಿಗೆ ಬಂದು, 1837ರ ಹೊತ್ತಿಗೆ ಧಾರವಾಡ ಮುಟ್ಟಿದ ಆ ಪಾದ್ರಿಗಳಲ್ಲಿ ಬಹಳ ಮಂದಿ ಜರ್ಮನಿಯ ವುರ್ಟೆಂಬರ್ಗ್ ಕಡೆಯವರು. ಕ್ರಿಸ್ಮಸ್ ಮರ ಬೆಳೆದ ಸೀಮೆಯಿಂದ ಬಂದವರು, ಹಬ್ಬವನ್ನೂ ಜೊತೆಗೇ ತಂದರು. ನಮ್ಮ ಓಣಿಯಲ್ಲಿ ಅದಕ್ಕೆ ಕರ್ಚಿಕಾಯಿ, ಚಕ್ಕುಲಿ, ಶಂಕರಪಾಳಿ ಸೇರಿಕೊಂಡವು. ಡಿಸೆಂಬರ್ ಎರಡನೇ ವಾರದಿಂದ ರಾತ್ರಿ ಕ್ಯಾರಲ್ಸ್, ಮನೆಮನೆಯಲ್ಲೂ ಚಹಾ, ಒಗ್ಗರಣೆ ಅವಲಕ್ಕಿ. ಇಪ್ಪತ್ತೈದರಂದು ಕತ್ತಲಿರುವಾಗಲೇ ಆರಾಧನೆ. ಕ್ರಿಸ್ಮಸ್ ಬೇಕೋ ಬೇಡವೋ ಎಂಬ ಪ್ರಶ್ನೆ ಇದೆ ಎನ್ನುವುದೇ ನನಗೆ ಮೂವತ್ತು ವರ್ಷ ಗೊತ್ತಿರಲಿಲ್ಲ.

ನನ್ನ ಹೆಂಡತಿ ಬ್ರದರನ್ ಸಭೆಯ ಮನೆಯವಳು; ಬೈಬಲ್‌ನಲ್ಲಿಲ್ಲದ ಹಬ್ಬ ಮಾಡದ ಕ್ರೈಸ್ತ ಪಂಗಡ ಅದು. ಅವರಲ್ಲಿ ಪ್ರತಿ ಭಾನುವಾರ ಯೇಸುವಿನ ನೆನಪಿಗೆ ರೊಟ್ಟಿ ಮುರಿಯುತ್ತಾರೆ. ಕರ್ತನು ನೆನಪು ಮಾಡಿಕೊಳ್ಳಿರಿ ಎಂದದ್ದು ತನ್ನ ಮರಣವನ್ನು, ಹುಟ್ಟಿದ ದಿನವನ್ನಲ್ಲ ಎಂಬುದು ಮಾವನವರ ವಾದ. 2014ರಲ್ಲಿ ನಮ್ಮ ಮದುವೆಯಾಯಿತು. ಡಿಸೆಂಬರ್ ಬಂತು. ನಾನು ಅವಳನ್ನು ಒಂದು ಮಾತೂ ಕೇಳದೆ ಬಿದಿರಿನ ಸೀಳು ಕಟ್ಟಿ, ಕೆಂಪು ಬೇಗಡೆ ಹಾಳೆ ಅಂಟಿಸಿ, ಒಳಗೆ ನಲವತ್ತರ ಬಲ್ಬ್ ಇಟ್ಟು, ಮುಂಬಾಗಿಲ ನೆತ್ತಿಗೆ ನಕ್ಷತ್ರ ತೂಗಿಹಾಕಿದೆ. ಇಪ್ಪತ್ತನಾಲ್ಕರ ಸಂಜೆ ಮಾವನವರು ಮಗಳನ್ನು ನೋಡಲು ಬಂದರು. ಗೇಟಿನಲ್ಲಿ ನಿಂತು ಒಮ್ಮೆ ಮೇಲೆ ನೋಡಿದರು. ಏನೂ ಅನ್ನಲಿಲ್ಲ. ಮನೆ ಸುತ್ತುಹಾಕಿಕೊಂಡು ಹಿತ್ತಲ ಬಾಗಿಲಿನಿಂದ ಒಳಗೆ ಬಂದರು. ಹೋಗುವಾಗಲೂ ಅದೇ ದಾರಿ.

ಬೈದಿದ್ದರೆ ನಾನೂ ಬಾಯಿ ಮಾಡುತ್ತಿದ್ದೆ. ಹಿತ್ತಲ ಬಾಗಿಲಿಗೆ ಏನು ಉತ್ತರ ಕೊಡಲಿ?

ಆಮೇಲೆ ಒಂದು ವರ್ಷ ನಾವಿಬ್ಬರೂ ಚರಿತ್ರೆ ಹಿಡಿದು ಜಗಳವಾಡಿದೆವು. ಅವಳದು ಅಡ್ಡಿಯಿಲ್ಲದ ವಾದ. ಯೇಸು ಹುಟ್ಟಿದ ದಿನಾಂಕ ಸುವಾರ್ತೆಗಳಲ್ಲಿಲ್ಲ. ಡಿಸೆಂಬರ್ 25 ಎಂದು ನಮಗೆ ಸಿಗುವ ಮೊದಲ ದಾಖಲೆ ರೋಮಿನಲ್ಲಿ 354ರಲ್ಲಿ ಸಿದ್ಧವಾದ ಒಂದು ಪಂಚಾಂಗದ್ದು. ಅದೇ ಪುಸ್ತಕದಲ್ಲಿ ಅದೇ ದಿನಕ್ಕೆ ರೋಮನ್ನರ ದೇವರಾದ ಸೋಲಿಲ್ಲದ ಸೂರ್ಯನ ಹುಟ್ಟುಹಬ್ಬವೂ ಇದೆ. ನಾನು ಹುಡುಕಿಕೊಂಡು ಬಂದದ್ದು ಇನ್ನೊಂದು: ಮಾರ್ಚ್ 25ಕ್ಕೆ ಗರ್ಭಧಾರಣೆ ಎಂದು ಹಳಬರು ಎಣಿಸಿ, ಅಲ್ಲಿಂದ ಒಂಬತ್ತು ತಿಂಗಳು ಲೆಕ್ಕ ಹಾಕಿದರು ಎಂಬ ವಿವರಣೆ. ಅವಳು ದಿನ, ತಿಂಗಳುಗಳನ್ನು ಆಚರಿಸುವವರನ್ನು ಅಪೊಸ್ತಲ ಪೌಲ ಗದರಿಸುವ ಗಲಾತ್ಯ 4:10 ತೆಗೆದರೆ ನಾನು ಹಬ್ಬದ ವಿಷಯದಲ್ಲಿ ಯಾರೂ ನಿಮಗೆ ತೀರ್ಪು ಮಾಡದಿರಲಿ ಎನ್ನುವ ಕೊಲೊಸ್ಸೆ 2:16. ಅವಳು ಯೆರೆಮೀಯ ಹತ್ತು, ಕಾಡಿನಿಂದ ಕಡಿದು ತಂದ ಮರ. ನಾನು ಯೋಹಾನ 10:22, ಮೋಶೆಯ ಧರ್ಮಶಾಸ್ತ್ರದಲ್ಲಿಲ್ಲದ ಪ್ರತಿಷ್ಠೆಯ ಹಬ್ಬದಲ್ಲಿ ಯೇಸು ದೇವಾಲಯದಲ್ಲಿ ತಿರುಗಾಡುತ್ತಿದ್ದ. ಕ್ರೈಸ್ತರೇ ಕ್ರಿಸ್ಮಸ್ ನಿಲ್ಲಿಸಿದ ಊರುಗಳಿದ್ದವು ಎಂದು ತೋರಿಸಿದವಳೂ ಅವಳೇ. ಮ್ಯಾಸಚೂಸೆಟ್ಸ್‌ನಲ್ಲಿ 1659ರಲ್ಲಿ ಹಬ್ಬ ಮಾಡಿದವರಿಗೆ ಐದು ಶಿಲ್ಲಿಂಗ್ ದಂಡ ಹಾಕುವ ಕಾನೂನು ಬಂತು, 1681ರವರೆಗೆ ಇತ್ತು. ಸ್ಕಾಟ್ಲೆಂಡಿನಲ್ಲಿ ಕ್ರಿಸ್ಮಸ್‌ಗೆ ಸಾರ್ವಜನಿಕ ರಜೆ ಸಿಕ್ಕಿದ್ದು 1958ರಲ್ಲಿ. ನಾನು ಸೋತೆ. ಸೋತು 2015ರಲ್ಲಿ ಪೂರ್ತಿ ಬಿಟ್ಟುಬಿಟ್ಟೆವು. ಆಗ ಬಂದದ್ದೇ ಆ ಹೋಳಿಗೆ.

ಅದೇ ದಿನ ಸಂಜೆ ಬೆಟಗೇರಿಯಿಂದ ಅವ್ವ ಬಸ್ಸಿನಲ್ಲಿ ಬಂದಳು. ತೊಡೆ ಮೇಲೆ ಕರ್ಚಿಕಾಯಿ ಡಬ್ಬಿ ಇಟ್ಟುಕೊಂಡು ಬಂದಿದ್ದಳು. ಅಪ್ಪ ತೀರಿಕೊಂಡ ಮೇಲೆ ಒಬ್ಬಳೇ ಕೂತು ಕರಿದದ್ದು. ಅಂಚಿನ ನೆರಿಗೆ ಹಿಡಿದಿರಲಿಲ್ಲ, ಅರ್ಧ ಬಾಯಿಬಿಟ್ಟು ಹೂರಣವೆಲ್ಲ ಡಬ್ಬಿಯ ತಳದಲ್ಲಿತ್ತು. ನನ್ನ ಹೆಂಡತಿ ಆ ಪುಡಿಯನ್ನು ಚಮಚದಲ್ಲಿ ತೆಗೆದು ತಿಂದಳು. ಆ ರಾತ್ರಿ ಅವಳೇ ಮಾತು ತೆಗೆದಳು: "ರೋಮಾಪುರ ಹದಿನಾಲ್ಕು ಸರಿಯಾಗಿ ಓದೂಣು. ಇಷ್ಟ್ ದಿನ ನಾವು ಅದನ್ನ ಬಡಿಗಿ ಮಾಡ್ಕೊಂಡಿದ್ವಿ."

ಓದಿದೆವು, ಪೌಲ ರೋಮಿನ ಸಭೆಗೆ ಬರೆದ ಪತ್ರದ ಹದಿನಾಲ್ಕನೇ ಅಧ್ಯಾಯ. ದಿನವನ್ನು ಎಣಿಸುವವನು ಕರ್ತನಿಗಾಗಿ ಎಣಿಸುತ್ತಾನೆ, ಎಣಿಸದವನೂ ಕರ್ತನಿಗಾಗಿಯೇ. ಪೌಲ ಅಲ್ಲಿ ದಿನದ ತೀರ್ಪು ಕೊಡುವುದೇ ಇಲ್ಲ. ತೀರ್ಪು ಮಾಡುವವನಿಗೆ, ತಾತ್ಸಾರ ಮಾಡುವವನಿಗೆ ಹೇಳುತ್ತಾನೆ. ಆಗ ನಮಗೆ ಹೊಳೆದದ್ದು, ಕ್ರಿಸ್ಮಸ್ ಎಂಬ ಇಡೀ ಗಂಟಿಗೆ ಹೌದು, ಅಲ್ಲ ಎನ್ನಲು ಹೊರಟಿದ್ದೇ ತಪ್ಪು ಎಂದು. ಗಂಟು ಬಿಚ್ಚಿದೆವು. ಒಂದೊಂದೇ ವಸ್ತು ಎತ್ತಿಕೊಂಡು ಕೇಳಿದೆವು: ಇದರಲ್ಲಿ ಸುಳ್ಳಿದೆಯೇ, ಇದರಿಂದ ಸಾಲವಾಗುತ್ತದೆಯೇ, ಇದು ಮನೆಯ ಯಾರಿಗಾದರೂ ಚುಚ್ಚುತ್ತದೆಯೇ.

ಮರ ಹೋಯಿತು. ಯೆರೆಮೀಯ ಹೇಳುವುದು ಕೆತ್ತಿದ ವಿಗ್ರಹದ ಮಾತು, ಕ್ರಿಸ್ಮಸ್ ಮರದ್ದಲ್ಲ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಅವಳಿಗೆ ಚುಚ್ಚುತ್ತದೆ, ನನಗೆ ಅದಿಲ್ಲದೆ ನಡೆಯುತ್ತದೆ. ಗೋದಲಿಯ ಗೊಂಬೆಗಳೂ ಇಲ್ಲ. ಹೊಸ ಬಟ್ಟೆ ಬಿಟ್ಟದ್ದು ನನ್ನ ಹಟ. ಅಪ್ಪ ಮಗ್ಗದ ಕೆಲಸದವನು. ಪ್ರತಿ ಡಿಸೆಂಬರ್‌ನಲ್ಲಿ ನಮ್ಮ ಅಂಗಿ, ಅವ್ವನ ಸೀರೆಗಾಗಿ ಸಾವ್ಕಾರರ ಹತ್ತಿರ ಕೈಗಡ ತರುತ್ತಿದ್ದ. ಅದು ತೀರುವ ಹೊತ್ತಿಗೆ ಹೋಳಿ ಹುಣ್ಣಿಮೆ ಬಂದಿರುತ್ತಿತ್ತು. ದನದ ಕೊಟ್ಟಿಗೆಯಲ್ಲಿ ಹುಟ್ಟಿದವನ ಹಬ್ಬಕ್ಕೆ ಸಾಲವೇ?

ನಕ್ಷತ್ರ ಉಳಿಯಿತು, ಆದರೆ ಜಾಗ ಬದಲಾಯಿಸಿತು. ಈಗ ಅದು ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ಕಬ್ಬಿಣದ ಕಂಬಕ್ಕೆ. ಯಾರೂ ಅದರ ಕೆಳಗೆ ಹಾದು ಬರಬೇಕಾಗಿಲ್ಲ. ಮಾವನವರು ಮುಂಬಾಗಿಲಿನಿಂದಲೇ ಬರುತ್ತಾರೆ, ಮೇಲೆ ನೋಡುವುದಿಲ್ಲ. ಅವರೂ ಒಂದು ಹೆಜ್ಜೆ, ನಾವೂ ಒಂದು ಹೆಜ್ಜೆ.

ಸಾಂತಾ ಕ್ಲಾಸ್ ವಿಷಯದಲ್ಲಿ ಇಬ್ಬರದೂ ಒಂದೇ ಮಾತು: ಮಗಳಿಗೆ ಸುಳ್ಳು ಹೇಳುವುದು ಬೇಡ. ಒಂದನೇ ಕ್ಲಾಸಿನಲ್ಲಿದ್ದಾಗ ಅವಳು ಅದನ್ನು ಶಾಲೆಯಲ್ಲಿ ಇಡೀ ಬೆಂಚಿಗೆ ಸಾರಿ, ಎರಡು ಮಕ್ಕಳು ಅತ್ತು, ಟೀಚರ್ ನನ್ನನ್ನು ಕರೆಸಿದರು. ಅತ್ತ ಇಬ್ಬರೂ ಕ್ರೈಸ್ತರ ಮಕ್ಕಳಲ್ಲ ಎಂಬುದು ಬೇರೆ ಮಾತು.

ದಿನಾಂಕದ್ದು ಮಾತ್ರ ಮಗಳೇ ಕೇಳಿದಾಗ ತಡಕಾಡಿದೆ. "ಯೇಸು ಅವತ್ತೇ ಹುಟ್ಟಿದ್ನಾ?" ಎಂದಳು. ಆಗ ನೆನಪಾದದ್ದು ಅಪ್ಪನ ಶಾಲಾ ದಾಖಲೆ. ಅಪ್ಪನ ಹುಟ್ಟಿದ ದಿನ ಜೂನ್ 1. ಅವನ ವಾರಿಗೆಯ ಅರ್ಧ ಊರಿನದೂ ಜೂನ್ 1, ಏಕೆಂದರೆ ಹೆಸರು ಹಚ್ಚುವಾಗ ಮಾಸ್ತರರು ಹಾಗೆ ಬರೆದುಕೊಂಡರು. ನಿಜವಾಗಿ ಹುಟ್ಟಿದ್ದು ಜೋಳದ ಸುಗ್ಗಿಯಲ್ಲಿ ಎಂದು ಅಜ್ಜಿ ಹೇಳುತ್ತಿದ್ದಳು. "ಮುತ್ಯಾ ಹುಟ್ಟಿದ್ದು ಖರೆ ಹೌದಿಲ್ಲೋ? ತಾರೀಖು ಮಾಸ್ತರ್ ಬರದದ್ದು. ಇದೂ ಹಂಗ," ಎಂದೆ. ಮಗಳಿಗೆ ಸಾಕಾಯಿತು. ಒಳಗೆ ನಿಂತಿದ್ದ ಹೆಂಡತಿ ನಕ್ಕದ್ದು ಕೇಳಿಸಿತು. ಒಂದು ವರ್ಷ ನಾನು ಓದಿದ ಚರಿತ್ರೆಗಿಂತ ಇದೇ ಗಟ್ಟಿ ಎನಿಸಿತು.

ಆರಾಧನೆಗೆ ನಾನು ಹೋಗುತ್ತೇನೆ, ಅವಳು ಮನಸ್ಸಿದ್ದರೆ ಬರುತ್ತಾಳೆ. 2022ರಲ್ಲಿ ಇಪ್ಪತ್ತೈದು ಭಾನುವಾರವೇ ಬಿತ್ತು. ನಾನು ನಸುಕಿನಲ್ಲಿ ನಮ್ಮ ಸಭೆಗೆ ಹೋಗಿ ಬಂದೆ, ಅವಳು ಹತ್ತು ಗಂಟೆಗೆ ರೊಟ್ಟಿ ಮುರಿಯಲು ಹೋದಳು. ಮಗಳು ಎರಡಕ್ಕೂ ಬಂದು ಎರಡರಲ್ಲೂ ನಿದ್ದೆ ಮಾಡಿದಳು.

ನಾವು ಹೊಸದಾಗಿ ಸೇರಿಸಿಕೊಂಡದ್ದು ಒಂದೇ, ಓದು. ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ 80 ವಚನಗಳಿವೆ, ಎರಡನೆಯದರಲ್ಲಿ ಮಗು ನಜರೇತಿಗೆ ಹೋಗಿ ಬೆಳೆಯುವವರೆಗೆ 40. ಒಟ್ಟು 120. ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೆ ಐದರಂತೆ ಓದಿದರೆ ಸರಿಯಾಗಿ ಮುಗಿಯುತ್ತದೆ. ಊಟಕ್ಕೆ ಮುಂಚೆ, ಎರಡು ನಿಮಿಷದ ಕೆಲಸ. ಹದಿನಾರು ದಿನ ಬರೀ ಕಾಯುವುದು: ಮೂಕನಾದ ಜಕರೀಯ, ಬಸುರಿ ಎಲಿಸಬೇತ, ದಾರಿ ನಡೆದು ಬಂದ ಮರಿಯ. ಐದೇ ವಚನ ಎಂದಾಗ ಕಥೆ ಅರ್ಧಕ್ಕೇ ನಿಲ್ಲುತ್ತದೆ, ಮಗಳು ಧಾರಾವಾಹಿಯಂತೆ ನಾಳೆಗೆ ಕಾಯುತ್ತಾಳೆ. ಈ ಲೆಕ್ಕದಲ್ಲಿ ಯೇಸು ಹುಟ್ಟುವುದು ಡಿಸೆಂಬರ್ 18ಕ್ಕೆ. ಹೆಂಡತಿಗೆ ಬಹಳ ಹಿಡಿಸಿದ್ದು ಅದೇ. "ಇದಕ್ಕ ಯಾವ ಪಂಚಾಂಗದ್ದೂ ತಕರಾರಿಲ್ಲ ನೋಡ್ರಿ," ಎಂದಳು.

ಕರ್ಚಿಕಾಯಿಯನ್ನು ಬಿಡುವ ಮಾತೇ ಬರಲಿಲ್ಲ. ದೀಪಾವಳಿಗೆ ಓಣಿಯ ಏಳು ಮನೆಯಿಂದ ತಾಟು ಬರುತ್ತವೆ. ಅವನ್ನು ಬರಿದೇ ತಿರುಗಿಸಬಾರದಲ್ಲ. ಏಳು ಮನೆಗೂ ಇಪ್ಪತ್ತೈದರ ಬೆಳಿಗ್ಗೆ ಹೋಗುತ್ತದೆ, ಮೊದಲ ತಾಟು ಆ ವೈನಿಗೆ.

ಅವ್ವ ಈಗ ಇಪ್ಪತ್ತನಾಲ್ಕಕ್ಕೇ ಬರುತ್ತಾಳೆ. ಒಣಕೊಬ್ಬರಿ, ಪುಟಾಣಿ, ಗಸಗಸೆ, ಬೆಲ್ಲ ಅವಳೇ ಕುಟ್ಟಿ ಹದ ಮಾಡುತ್ತಾಳೆ. ಕಣಕದ ಅಂಚಿಗೆ ಬೆರಳಲ್ಲಿ ಹಾಲು ಸವರಿ, ಒತ್ತಿ, ನೆರಿಗೆ ಹಿಡಿಯುವವಳು ನನ್ನ ಹೆಂಡತಿ. ಹಬ್ಬವಿಲ್ಲದ ಮನೆಯಲ್ಲಿ ಬೆಳೆದವಳ ಕೈಯಲ್ಲಿ ಒಂದೂ ಬಾಯಿಬಿಡುವುದಿಲ್ಲ. ಕೊನೆಯ ಐದು ವಚನ ಓದುವ ಪಾಳಿ ಅವ್ವನದು. ಅವತ್ತು ಬರುವುದು ಅನ್ನಳ ಕಥೆ: ಏಳು ವರ್ಷ ಗಂಡನೊಂದಿಗೆ ಬಾಳಿ ವಿಧವೆಯಾದವಳು, ದೇವಾಲಯ ಬಿಟ್ಟು ಹೋಗದೆ ಕಾದ ಮುದುಕಿ. ಅವ್ವ ಕನ್ನಡಕ ಸರಿಮಾಡಿಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು ಓದುತ್ತಾಳೆ. "ವಿಧವೆ" ಬಂದಾಗ ನಿಲ್ಲುವುದಿಲ್ಲ. ಮುಗಿದ ಮೇಲೆ ಪುಸ್ತಕ ಮುಚ್ಚಿ ಸೊಸೆಯ ಕಡೆ ತಿರುಗುತ್ತಾಳೆ.

"ಎಣ್ಣಿ ಕಾದೈತಿ ನೋಡವಾ."